ಎಳ್ಳ ಅಮಾವಾಸ್ಯೆಗೆ ಗೆಳತಿಯ ಮಕ್ಕಳನ್ನು ಕರೆಯಬೇಕು: ಇದು ಪೂಜೆನಾ, ಬರೀ ಊಟನಾ?

ಎರಿ ಹೊಲದ ಅಕ್ಕ, ವಿಜಯಪುರ

ಎಲ್ಲರಿಗೂ ನಮಸ್ಕಾರ ರೀ. ಹದಿನೈದು ದಿನದಲ್ಲಿ ಒಂದೇ ಪ್ರಶ್ನೆ ನನಗೆ ಎರಡು ಕಡೆಯಿಂದ ಬಂತು. ಎರಡು ಸಲವೂ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಂಗಿ ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ಅವಳ ಮಗ ಎರಡನೇ ಕ್ಲಾಸು. ಉಪಕಾರ ನೆನೆಯುವ ಅಲ್ಲಿನ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬಂತು ಅಂತ ಶಾಲೆಯಲ್ಲಿ ಒಂದು ಹಾಳೆ ಕೊಟ್ಟು, ನಿನಗೆ ಯಾರ ಉಪಕಾರ ನೆನಪಿದೆ, ಬರೆದುಕೊಂಡು ಬಾ ಅಂದಿದ್ದಾರೆ. ತಂಗಿಯ ಅತ್ತೆ ಇರುವುದು ಬಾಗಲಕೋಟೆಯಲ್ಲಿ. ಫೋನಿನಲ್ಲಿ ಇದನ್ನು ಕೇಳಿದವರೇ "ಅದು ಕ್ರಿಶ್ಚಿಯನ್ನರ ಹಬ್ಬ, ನಾವ್ಯಾಕೆ ಮಾಡಬೇಕು" ಅಂದರು. ತಂಗಿ "ಇಲ್ಲ ಅತ್ತಿ, ಅದಕ್ಕೂ ದೇವರಿಗೂ ಸಂಬಂಧ ಇಲ್ಲ, ಎಲ್ಲರೂ ಸೇರಿ ಊಟ ಮಾಡುತ್ತಾರೆ ಅಷ್ಟೇ" ಅಂದಳು. ಅತ್ತೆಗೆ ಸಮಾಧಾನ ಆಗಲಿಲ್ಲ. ಎರಡು ದಿನ ಮಾತೇ ಆಡಲಿಲ್ಲವಂತೆ.

ಇನ್ನೊಂದು ನಮ್ಮ ಮನೆಯದೇ. ಪಕ್ಕದ ಮನೆಯ ನನ್ನ ಗೆಳತಿ ಮುಸ್ಲಿಂ. ಹನ್ನೆರಡು ವರ್ಷದಿಂದ ಅಕ್ಕಪಕ್ಕ ಇದ್ದೇವೆ. ಪ್ರತಿ ಎಳ್ಳಮಾಸಿಗೆ ಅವಳ ಮಕ್ಕಳು ನಮ್ಮ ಜೊತೆ ಹೊಲಕ್ಕೆ ಬರುತ್ತಾರೆ, ಬಂಡಿಯಲ್ಲಿ ಅವರದೇ ಗಲಾಟೆ ಜಾಸ್ತಿ. ಈ ವರ್ಷ ದೊಡ್ಡ ಹುಡುಗ ಪಿಯುಸಿಗೆ ಹೋಗಿದ್ದಾನೆ. "ಅಮ್ಮಿ, ಅಲ್ಲಿ ಕಲ್ಲಿಟ್ಟು ಪೂಜೆ ಮಾಡುತ್ತಾರೆ, ನಾವು ಹೋಗುವುದು ಸರಿನಾ?" ಅಂತ ಕೇಳಿದನಂತೆ. ಗೆಳತಿ ಮುಚ್ಚುಮರೆ ಇಲ್ಲದೆ ನನ್ನ ಹತ್ತಿರವೇ ಬಂದು ಕೇಳಿದಳು. ನಾನು ತಟ್ಟನೆ "ಪೂಜೆ ಏನಲ್ಲವೇ, ಸುಮ್ನೆ ಹೊಲದ ಊಟ" ಅಂದುಬಿಟ್ಟೆ.

ಆ ಮಾತು ಅವತ್ತಿಂದ ಚುಚ್ಚುತ್ತಿದೆ. ಯಾಕೆಂದರೆ ಅದು ನಿಜ ಅಲ್ಲ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಪಾಂಡವರು ಅಂತ ಕುಂಕುಮ ಇಟ್ಟು ಎಡೆ ಹಿಡಿಯುತ್ತೇವೆ. ಭೂಮ್ತಾಯಿಗೆ ಸೀರೆ ಖಣ ಏರಿಸಿ ಉಡಿ ತುಂಬುತ್ತೇವೆ. ಆಮೇಲೆ ಚರಗ, ಅಂದರೆ ಎಡೆಯ ಅನ್ನವನ್ನು ಹೊಲದ ತುಂಬ ಚೆಲ್ಲುವುದು. ನಮ್ಮ ಮಾವನವರು ಚಪ್ಪಲಿ ಬಿಟ್ಟು ಹೊಲದ ಸುತ್ತ ನಡೆಯುವಾಗ ಅವರ ಮುಖ ನೋಡಬೇಕು. ಇದನ್ನು ಸುಮ್ನೆ ಊಟ ಅಂದಿದ್ದು ಅವರಿಗೂ ಅವಮಾನ, ನನ್ನ ಗೆಳತಿಗೂ ಮೋಸ ಅನ್ನಿಸುತ್ತಿದೆ. ಹಾಗಂತ ಪೂಜೆ ಅಂದುಬಿಟ್ಟರೆ ಮಕ್ಕಳು ಬರುವುದೇ ನಿಂತರೆ?

ಬೆಳೆ ಬಂತು, ಹೊಟ್ಟೆ ತುಂಬಿತು ಅಂತ ಉಪಕಾರ ನೆನೆಯುವ ಹಬ್ಬ ಯಾರದು? ಒಂದು ಧರ್ಮದ್ದಾ, ಎಲ್ಲರದಾ? ತಿಳಿದವರು ಹೇಳಿ.

ಇಂಡಿ ರೈತ

ಪೂಜೆ ಅಂತ ಹೇಳಲು ಹಿಂಜರಿಕೆ ಯಾಕೆ ಅಕ್ಕಾರ? ಎಡೆ ಹಿಡಿದ ಮೇಲೆ ಅದು ಪೂಜೆಯೇ. ಆದರೆ ಒಂದು ಮಾತು. ಆ ಪೂಜೆಗೆ ಪೂಜಾರಿ ಇಲ್ಲ, ಮಂತ್ರ ಇಲ್ಲ, ದಕ್ಷಿಣೆ ಇಲ್ಲ, ಗುಡಿ ಇಲ್ಲ. ಹೊಲ ಯಾರದೋ ಅವರೇ ಪೂಜಾರಿ. ಚರಗದ ಅನ್ನ ಕಾಗೆ ಗುಬ್ಬಿ ಇರುವೆಗೆ ಹೋಗುತ್ತದೆ. ನಮ್ಮ ಅಪ್ಪ ಹೇಳುತ್ತಿದ್ದರು, ಜೋಳ ಹಾಲ್ದೆನೆ ಆದಾಗ ಹುಳ ತಿಂತು, ಹಕ್ಕಿ ತಿಂತು ಅಂತ ಬೈದಿರುತ್ತೇವೆ, ವರ್ಷಕ್ಕೊಂದು ದಿನ ಅವಕ್ಕೂ ಕರೆದು ಉಣ್ಣಿಸಬೇಕು ಅಂತ. ಪೂಜೆಗಿಂತ ನನಗೆ ಆ ಮಾತೇ ಜಾಸ್ತಿ ನೆನಪಿದೆ.

ಹಳೇ ಇತಿಹಾಸ ಮಾಸ್ತರ್, ಜಮಖಂಡಿ

ತಂಗಿ ಮತ್ತು ಅವರ ಅತ್ತೆ, ಇಬ್ಬರ ಮಾತಲ್ಲೂ ಅರ್ಧ ಅರ್ಧ ನಿಜ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಮೂವತ್ತು ವರ್ಷ ಪಾಠ ಮಾಡಿದ ರೂಢಿ.

1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ನೂರಕ್ಕೆ ಸ್ವಲ್ಪ ಮೇಲೆ ಜನ ಇಂಗ್ಲೆಂಡಿನಿಂದ ಹೋಗಿ ಅಮೆರಿಕದ ಪ್ಲಿಮತ್‌ನಲ್ಲಿ ನೆಲೆ ಮಾಡಿದರು. ಮೊದಲ ಚಳಿಗಾಲದಲ್ಲೇ ಅವರಲ್ಲಿ ಹೆಚ್ಚೂಕಡಿಮೆ ಅರ್ಧ ಜನ ಸತ್ತರು. ಅಲ್ಲಿನ ಮೂಲ ನಿವಾಸಿಗಳು ವಾಂಪನೋಗ್ ಜನ. ಅವರ ಕಡೆಯ ಟಿಸ್ಕ್ವಾಂಟಮ್ ಎಂಬುವನು ಮೆಕ್ಕೆಜೋಳ ಹಾಕುವುದನ್ನು ಕಲಿಸಿದ. 1621ರಲ್ಲಿ ಬೆಳೆ ಕೈಗೆ ಬಂದಾಗ ಮೂರು ದಿನ ಊಟ ನಡೆಯಿತು. ವಾಂಪನೋಗ್ ನಾಯಕ ಮಸಾಸೊಯಿಟ್ ಸುಮಾರು ತೊಂಬತ್ತು ಜನರನ್ನು ಕರೆದುಕೊಂಡು ಬಂದ. ಅವರು ಐದು ಜಿಂಕೆ ಹೊಡೆದು ತಂದುಕೊಟ್ಟರು. ಆ ಹಡಗಿನಲ್ಲಿ ಬಂದಿದ್ದ ವಿನ್ಸ್ಲೋ ಎಂಬುವನು ಬರೆದ ಕಾಗದದಲ್ಲಿ ಇದೆಲ್ಲ ಇದೆ. ಆದರೆ ಅವನು ಅದನ್ನು ಥ್ಯಾಂಕ್ಸ್‌ಗಿವಿಂಗ್ ಅಂತ ಕರೆದಿಲ್ಲ. ಅದು ಸುಗ್ಗಿಯ ಊಟ.

ಹಡಗಿನಲ್ಲಿ ಬಂದ ಆ ಜನರ ಲೆಕ್ಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಅಂದರೆ ಬೇರೆ. ದೇವರ ಮುಂದೆ ಕೂತು ಪ್ರಾರ್ಥನೆ ಮಾಡುವ ದಿನ. ಅಂಥದ್ದು ನಡೆದದ್ದು 1623ರಲ್ಲಿ. ಆ ಬೇಸಿಗೆ ಮಳೆ ಇಲ್ಲದೆ ಬೆಳೆ ಒಣಗುತ್ತಿತ್ತು. ಎಲ್ಲರೂ ಸೇರಿ ಪ್ರಾರ್ಥನೆ ಮಾಡಿದರು, ಮಳೆ ಬಂತು, ಆಮೇಲೆ ಕೃತಜ್ಞತೆಯ ದಿನ ಇಟ್ಟುಕೊಂಡರು. ಮಳೆ ಹೋದಾಗ ನಮ್ಮ ಓಣಿಯ ಹುಡುಗರು ತಲೆ ಮೇಲೆ ಗುರ್ಜಿ ಹೊತ್ತು ಮನೆಮನೆಗೆ ಬರುವುದನ್ನು ಕಂಡ ನಮಗೆ ಇದು ಅರ್ಥವಾಗದ ಸಂಗತಿ ಏನಲ್ಲ.

ಅಂದರೆ ಮೊದಲಿನಿಂದಲೇ ಎರಡು ಎಳೆ ಇವೆ. ಒಂದು ಊಟದ್ದು, ಒಂದು ಪ್ರಾರ್ಥನೆಯದು. 1789ರ ನವೆಂಬರ್ 26ನ್ನು ಅಧ್ಯಕ್ಷ ವಾಷಿಂಗ್ಟನ್ ದೇಶಕ್ಕೆಲ್ಲ ಕೃತಜ್ಞತೆ ಮತ್ತು ಪ್ರಾರ್ಥನೆಯ ದಿನ ಅಂತ ಸಾರಿದರು. ಅದರಲ್ಲಿ ದೇವರ ಹೆಸರು ನೇರವಾಗಿಯೇ ಇದೆ. ಮುಂದೆ ಜೆಫರ್ಸನ್ ಅಧ್ಯಕ್ಷರಾದಾಗ ಎಂಟು ವರ್ಷವೂ ಅಂಥ ದಿನ ಸಾರಲಿಲ್ಲ, ಪ್ರಾರ್ಥನೆ ಮಾಡಿ ಅಂತ ಹೇಳುವುದು ಸರ್ಕಾರದ ಕೆಲಸ ಅಲ್ಲ ಅನ್ನುವುದು ಅವರ ನಿಲುವು. ನೋಡಿ, ನೀವು ಕೇಳಿದ ಪ್ರಶ್ನೆ ಇನ್ನೂರು ವರ್ಷದ ಹಿಂದೆಯೇ ಆ ದೇಶದ ದೊಡ್ಡವರ ನಡುವೆಯೇ ಇತ್ತು.

ಪ್ರತಿ ವರ್ಷ ತಪ್ಪದೆ ನಡೆಯುವ ರಾಷ್ಟ್ರದ ಹಬ್ಬ ಆಗಿದ್ದು 1863ರಿಂದ. ಸಾರಾ ಹೇಲ್ ಎಂಬ ಪತ್ರಿಕೆಯ ಸಂಪಾದಕಿ ವರ್ಷಗಟ್ಟಲೆ ಇದಕ್ಕಾಗಿ ಬರೆದರು, ಅಧ್ಯಕ್ಷರುಗಳಿಗೆ ಕಾಗದ ಹಾಕಿದರು. ಕೊನೆಗೆ ಲಿಂಕನ್ ಒಪ್ಪಿದರು, ಅದೂ ಅಂತರ್ಯುದ್ಧ ನಡೆಯುತ್ತಿದ್ದಾಗ. ಅವರ ಪ್ರಕಟಣೆಯಲ್ಲೂ ದೇವರಿದ್ದಾನೆ, ಜೊತೆಗೆ ಗಂಡನನ್ನು ಕಳೆದುಕೊಂಡವರನ್ನು, ತಬ್ಬಲಿ ಮಕ್ಕಳನ್ನು ನೆನೆಯಿರಿ ಎಂಬ ಮಾತೂ ಇದೆ. 1939ರಲ್ಲಿ ರೂಸ್ವೆಲ್ಟ್ ಅಂಗಡಿಗಳ ವ್ಯಾಪಾರಕ್ಕೆ ದಿನ ಸಾಲದು ಅಂತ ಹಬ್ಬವನ್ನು ಒಂದು ವಾರ ಮೊದಲೇ ತಂದರು. ಕೆಲವು ರಾಜ್ಯಗಳು ಒಪ್ಪಲಿಲ್ಲ, ಆ ವರ್ಷ ದೇಶದಲ್ಲಿ ಎರಡೆರಡು ದಿನ ಹಬ್ಬ. ಕೊನೆಗೆ 1941ರ ಕಾನೂನು ನವೆಂಬರಿನ ನಾಲ್ಕನೇ ಗುರುವಾರ ಅಂತ ಗಟ್ಟಿ ಮಾಡಿತು.

ಹುಟ್ಟಿನಲ್ಲಿ ಪ್ರಾರ್ಥನೆ ಇದೆ, ಇವತ್ತು ಅದು ಕಾನೂನಿನ ರಜೆ. ತಂಗಿಯ ಅತ್ತೆಗೆ "ದೇವರಿಗೂ ಇದಕ್ಕೂ ಸಂಬಂಧವೇ ಇಲ್ಲ" ಅಂದಿದ್ದು ಪೂರ್ತಿ ಸರಿಯಲ್ಲ. "ಚರ್ಚಿಗೆ ಹೋಗದವರೂ ಮಾಡುತ್ತಾರೆ, ನಾವೂ ಮಾಡಬಹುದು" ಅಂದಿದ್ದರೆ ಅವರೂ ಒಪ್ಪುತ್ತಿದ್ದರೋ ಏನೋ.

ಗೋಕಾಕದವಳು, ಈಗ ನ್ಯೂಜೆರ್ಸಿ

ಮಾಸ್ತರ್ ಹೇಳಿದ್ದು ಸರಿ ಇದೆ. ಹದಿನಾಲ್ಕು ವರ್ಷ ಇಲ್ಲಿದ್ದು ಕಂಡಿದ್ದನ್ನು ಹೇಳುತ್ತೇನೆ. ನಮ್ಮ ಪಕ್ಕದ ಮನೆಯವರು ಕ್ಯಾಥೊಲಿಕ್. ಊಟಕ್ಕೆ ಮೊದಲು ಕೈ ಕೈ ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಎದುರು ಮನೆಯವರು ಯಹೂದಿ, ಅವರ ಮನೆಯಲ್ಲೂ ಅದೇ ಟರ್ಕಿ ಕೋಳಿ, ಅದೇ ಕುಂಬಳಕಾಯಿಯ ಪೈ. ನನ್ನ ಆಫೀಸಿನ ಒಬ್ಬರು ದೇವರನ್ನೇ ನಂಬುವುದಿಲ್ಲ, ಆದರೆ ಆ ದಿನ ತಾಯಿಯ ಮನೆಗೆ ಆರು ಗಂಟೆ ಕಾರು ಓಡಿಸಿಕೊಂಡು ಹೋಗುತ್ತಾರೆ. ಚರ್ಚು, ಮಸೀದಿ, ಯಹೂದಿ ಮಂದಿರದವರು ಸೇರಿ ಒಟ್ಟಿಗೆ ಪ್ರಾರ್ಥನೆ ಇಟ್ಟುಕೊಳ್ಳುವ ಊರುಗಳೂ ಇವೆ. ಇನ್ನೊಂದು ಕಡೆ, ಯೆಹೋವನ ಸಾಕ್ಷಿಗಳು ಅಂತ ಒಂದು ಪಂಗಡ ಇದೆ, ಬೈಬಲ್ ಓದುವವರೇ, ಅವರು ಸಾಮಾನ್ಯವಾಗಿ ಈ ಹಬ್ಬ ಮಾಡುವುದಿಲ್ಲ.

ನಾವು ಏನು ಮಾಡುತ್ತೇವೆ ಗೊತ್ತಾ? ನಮ್ಮದು ಶಾಕಾಹಾರಿ ಮನೆ. ಆ ಗುರುವಾರ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಜೋಳದ ರೊಟ್ಟಿ. ರೊಟ್ಟಿ ಇಲ್ಲಿನ ಹಿಟ್ಟಿನಲ್ಲಿ ಬಿರುಕು ಬಿಡುತ್ತದೆ, ಆದರೂ ಬಡಿಯುತ್ತೇನೆ. ಊಟಕ್ಕೆ ಕೂತಾಗ ಒಬ್ಬೊಬ್ಬರೂ ಒಂದು ಉಪಕಾರ ನೆನೆಯಬೇಕು ಅಂತ ಮಕ್ಕಳೇ ನಿಯಮ ಮಾಡಿದ್ದಾರೆ. ಹೋದ ವರ್ಷ ನನ್ನ ಮಗಳು, ಗೋಕಾಕದ ಅವಳ ಅಜ್ಜನ ಕಬ್ಬಿನ ಗದ್ದೆಯಲ್ಲಿ ರಾತ್ರಿ ಎರಡಕ್ಕೆ ಕರೆಂಟು ಬಂದಾಗ ಎದ್ದು ಹೋಗಿ ನೀರು ಬಿಡುವ ಮಾಮಾನನ್ನು ನೆನೆದಳು. ಅವಳು ಅವನನ್ನು ನೋಡಿದ್ದು ಎರಡೇ ಸಲ. ನಾನು ಆ ದಿನ ಸರಿಯಾಗಿ ಉಣ್ಣಲಿಲ್ಲ, ಕಣ್ಣಲ್ಲಿ ನೀರು.

ಆ ಪ್ರಶ್ನೆಯ ಹಾಳೆಗೆ ಹೆದರಬೇಡಿ ಅಂತ ತಂಗಿಗೆ ಹೇಳಿ. ಅಲ್ಲಿ ಯಾವ ದೇವರಿಗೆ ಅಂತ ಕೇಳಿಲ್ಲವಲ್ಲ.

ಮುಳುಗಡೆ ಊರಿನವ, ಬಾಗಲಕೋಟೆ

ಧರ್ಮದ್ದಾ, ಎಲ್ಲರದಾ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ಇನ್ನೊಂದು ಪ್ರಶ್ನೆ ಇದೆ. ಯಾರ ನೆಲದ ಮೇಲೆ ಕೂತು ಉಪಕಾರ ನೆನೆಯುತ್ತಿದ್ದೇವೆ ಅನ್ನುವುದು.

ಮಾಸ್ತರ್ ಹೇಳಿದ ಟಿಸ್ಕ್ವಾಂಟಮ್ ಕಥೆಯ ಇನ್ನೊಂದು ಭಾಗ ಓದಿದಾಗ ನನಗೆ ನಿದ್ದೆ ಬರಲಿಲ್ಲ. ಅವನ ಊರು ಪಟಕ್ಸೆಟ್. 1614ರಲ್ಲಿ ಅವನನ್ನು ಹಿಡಿದು ಹಡಗಿನಲ್ಲಿ ಒಯ್ದಿದ್ದರು. 1619ರಲ್ಲಿ ಅವನು ಮರಳಿ ಬಂದಾಗ ಊರಿಗೆ ಊರೇ ರೋಗದಲ್ಲಿ ಸತ್ತು ಖಾಲಿಯಾಗಿತ್ತು. ಆ ಖಾಲಿ ಊರಿನ ಜಾಗದಲ್ಲೇ ಪ್ಲಿಮತ್ ಎದ್ದಿದ್ದು. ಅಂದರೆ ಅವನು ಮೆಕ್ಕೆಜೋಳ ಹಾಕುವುದನ್ನು ಕಲಿಸಿದ್ದು ತನ್ನ ತಾಯಿ ತಂದೆಯರ ಹೊಲದಲ್ಲಿ. ಐವತ್ತು ವರ್ಷ ಕಳೆದ ಮೇಲೆ ಮಸಾಸೊಯಿಟ್‌ನ ಮಗನಿಗೂ ಇಂಗ್ಲಿಷರಿಗೂ ದೊಡ್ಡ ಯುದ್ಧವೇ ಆಯಿತು. 1970ರಿಂದ ಅಲ್ಲಿನ ಮೂಲ ನಿವಾಸಿಗಳು ಅದೇ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನಲ್ಲಿ ಸೇರಿ ಶೋಕದ ದಿನ ಆಚರಿಸುತ್ತಾರೆ.

ನಮ್ಮ ಹೊಲ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟರು. ಈಗ 519.60 ಮೀಟರಿಗೆ ನೀರು ನಿಲ್ಲಿಸುತ್ತಾರೆ, 524.256ಕ್ಕೆ ಏರಿಸುವ ಮಾತು ಇನ್ನೂ ನಡೆಯುತ್ತಿದೆ. ಆ ನೀರಿನಿಂದ ಎಷ್ಟೋ ಹೊಲ ಹಸಿರಾಗಿವೆ, ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಆದರೆ ಎಳ್ಳಮಾಸಿಗೆ ನಮ್ಮವ್ವ ಬುತ್ತಿ ಕಟ್ಟಿಕೊಂಡು ನೀರಿನ ದಂಡೆಗೆ ಹೋಗಿ ನಿಲ್ಲುತ್ತಾಳೆ. ಚರಗವನ್ನು ನೀರಿಗೆ ಚೆಲ್ಲುತ್ತಾಳೆ. ಅಲ್ಲಿ ಕೆಳಗೆ ಅವಳ ಬನ್ನಿ ಗಿಡ ಇತ್ತು.

ಅದು ಯಾವ ಧರ್ಮ, ಹೇಳಿ? ನನಗೆ ಗೊತ್ತಾಗುವುದಿಲ್ಲ. ಪೂಜೆಯೂ ಅಲ್ಲ, ಊಟವೂ ಅಲ್ಲ. ನಿಮ್ಮ ಹೊಲಕ್ಕೆ ಕಾಲುವೆ ನೀರು ಬರುತ್ತಿದ್ದರೆ, ಅಕ್ಕಾರ, ಈ ಸಲ ಚರಗ ಚೆಲ್ಲುವಾಗ ಮುಳುಗಿದ ಊರುಗಳನ್ನೂ ಒಮ್ಮೆ ನೆನೆಯಿರಿ. ಅಷ್ಟೇ ಕೇಳುತ್ತೇನೆ.

ತಾಳಿಕೋಟಿ ಒಕ್ಕಲಿಗ

ನಾನು ಮುಸಲ್ಮಾನ, ಆರು ಎಕರೆ ಹೊಲ ಇದೆ. ತೊಗರಿ, ಬಿಳಿಜೋಳ, ಕಡಲೆ. ಅಕ್ಕಾರ, ನಿಮ್ಮ ಗೆಳತಿಯ ಮಗ ಕೇಳಿದ್ದರಲ್ಲಿ ತಪ್ಪಿಲ್ಲ. ಆ ವಯಸ್ಸಿನಲ್ಲಿ ನಾನೂ ಕೇಳಿದ್ದೆ.

ನಮ್ಮಪ್ಪನೂ ಎಳ್ಳಮಾಸಿಗೆ ಚರಗ ಚೆಲ್ಲುತ್ತಿದ್ದರು. ಬಿಸ್ಮಿಲ್ಲಾ ಅಂತ ಹೇಳಿ ಮೊದಲ ಹಿಡಿ ಚೆಲ್ಲುವರು. ಪಾಂಡವರ ಕಲ್ಲು ಇಡುತ್ತಿರಲಿಲ್ಲ. ಸಜ್ಜಿ ರೊಟ್ಟಿ, ಪುಂಡಿಪಲ್ಯ ಅದೇ. ಪಕ್ಕದ ಹೊಲದವರು ನಮ್ಮಲ್ಲಿಗೆ, ನಾವು ಅವರಲ್ಲಿಗೆ. ಮೊಹರಂನಲ್ಲಿ ನಮ್ಮೂರ ಅಲಾಯಿಯ ಬೆಂಕಿ ಕುಣಿ ಮುಂದೆ ಹೆಜ್ಜೆ ಹಾಕುವವರಲ್ಲಿ, ಚೊಂಗೆ ಎಂಬ ಸಿಹಿ ಮಾಡಿ ತಂದುಕೊಡುವವರಲ್ಲಿ ಹಿಂದೂಗಳ ಮನೆಗಳೇ ಎಷ್ಟೋ ಇವೆ. ನಮ್ಮ ಭಾಗದಲ್ಲಿ ಇದು ಹೊಸದಲ್ಲ, ನಿಮಗೂ ಗೊತ್ತು.

ಆದರೆ ಮುಚ್ಚಿಡದೆ ಹೇಳಬೇಕು. ನಮ್ಮಲ್ಲಿ ಇದೆಲ್ಲ ಬೇಡ ಅನ್ನುವವರೂ ಇದ್ದಾರೆ. ಅಲ್ಲಾಹನನ್ನು ಬಿಟ್ಟು ಬೇರೆ ಕಡೆ ತಲೆ ಬಾಗಬಾರದು ಅನ್ನುವುದು ನಮ್ಮ ನಂಬಿಕೆಯ ಬುಡ. ಅದನ್ನು ಹಿಡಿದು ಆ ಹುಡುಗ ಕೇಳಿದ್ದಾನೆ. ಅವನಿಗೆ "ಅದು ಪೂಜೆ ಅಲ್ಲ" ಅಂತ ಹೇಳಿ ಕರೆದುಕೊಂಡು ಹೋಗಿ, ಅಲ್ಲಿ ಎಡೆ ಹಿಡಿಯುವುದನ್ನು ಅವನು ಕಣ್ಣಾರೆ ಕಂಡರೆ ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ನಿಜ ಹೇಳಿ. "ನಾವು ಪೂಜೆ ಮಾಡುತ್ತೇವೆ, ನೀನು ಆಗ ದೂರ ಇರಬಹುದು, ಊಟಕ್ಕೆ ನಮ್ಮ ಜೊತೆ ಕೂಡು" ಅನ್ನಿ.

ಇನ್ನೊಂದು ಸಣ್ಣ ವಿಷಯ. ಎಡೆ ಹಿಡಿದ ಅನ್ನವನ್ನು ನಮ್ಮಲ್ಲಿ ಕೆಲವರು ಉಣ್ಣುವುದಿಲ್ಲ. ಪೂಜೆಗೆ ಮೊದಲೇ ಒಂದು ಡಬ್ಬಿಯಲ್ಲಿ ಬೇರೆ ತೆಗೆದಿಡಿ. ಯಾಕೆ ಅಂತ ಯಾರಿಗೂ ಹೇಳುವುದು ಬೇಡ. ನಮ್ಮ ಪಕ್ಕದ ಹೊಲದ ಗೌಡ್ತಿ ಇಪ್ಪತ್ತು ವರ್ಷ ನಮಗೆ ಹಾಗೆ ತೆಗೆದಿಟ್ಟಿದ್ದಳು. ನಮಗೆ ತಿಳಿದದ್ದು ಅವಳು ತೀರಿಕೊಂಡ ಮೇಲೆ, ಅವಳ ಸೊಸೆ ಹೇಳಿದಾಗ.

ಕುಂದಾ ಪ್ರಿಯ, ಬೆಳಗಾವಿ

ನನ್ನದು ಬೇರೆ ಅಭಿಪ್ರಾಯ. ಎಲ್ಲರೂ ಬರಲಿ ಅಂತ ಹೇಳಿ ಹೇಳಿ ಹಬ್ಬದೊಳಗಿನ ದೇವರನ್ನು ತೆಗೆದುಬಿಟ್ಟರೆ ಏನು ಉಳಿಯುತ್ತದೆ? ಜಪಾನ್ ನೋಡಿ. ನವೆಂಬರ್ 23 ಅಲ್ಲಿ ಹೊಸ ಬೆಳೆಯನ್ನು ಚಕ್ರವರ್ತಿ ದೇವರಿಗೆ ಅರ್ಪಿಸುವ ನೀನಾಮೆಸಾಯಿ ಹಬ್ಬ. 1948ರ ಕಾನೂನಿನಲ್ಲಿ ಅದೇ ದಿನಕ್ಕೆ ದುಡಿಮೆಗೆ ಕೃತಜ್ಞತೆ ಹೇಳುವ ದಿನ ಅಂತ ಹೆಸರಿಟ್ಟರು. ಹೆಸರು ಚೆನ್ನಾಗಿದೆ. ಆದರೆ ನಮ್ಮ ಎಳ್ಳಮಾಸಿಗೂ ನಾಳೆ "ರೈತರ ದಿನ" ಅಂತ ಬೋರ್ಡು ಹಾಕಿ, ಭಾಷಣ ಮಾಡಿ, ಚರಗ ಬಿಟ್ಟರೆ ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿ ಭೂಮಿಯನ್ನು ಬಸುರಿ ಹೆಂಗಸು ಅಂತ ನೋಡಿದವಳು. ಶೀಗಿ ಹುಣ್ಣಿಮೆಗೆ ಬಯಕೆ ಊಟ ಒಯ್ಯುವಾಗ ಬುಟ್ಟಿ ಯಾರ ಕೈಗೂ ಕೊಡುತ್ತಿರಲಿಲ್ಲ. ಆ ಭಕ್ತಿ ಹೋಗಬಾರದು.

ಗೋಕಾಕದವಳು, ಈಗ ನ್ಯೂಜೆರ್ಸಿ

ಅಣ್ಣಾರ, ಯಾರೂ ತೆಗೆಯಿರಿ ಅಂತ ಹೇಳಲಿಲ್ಲವಲ್ಲ. ನಿಮ್ಮ ಜಪಾನಿನ ಉದಾಹರಣೆಯನ್ನೇ ನೋಡಿ, ಅರಮನೆಯಲ್ಲಿ ಆ ಪೂಜೆ ಇವತ್ತಿಗೂ ನಡೆಯುತ್ತದೆ. ಹೊರಗೆ ಜನರಿಗೆ ರಜೆ. ಎರಡೂ ಇವೆ.

ಕನ್ನಡ ಶಾಲೆ ಅಕ್ಕೋರು, ಬೈಲಹೊಂಗಲ

ಶಾಲೆಯ ಕಡೆಯಿಂದ ಒಂದು ಅನುಭವ. ಹಿಂದೆ ನಾನಿದ್ದ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ಶೀಗಿ ಹುಣ್ಣಿಮೆಗೆ ಹೊಲಕ್ಕೆ ಕರೆದುಕೊಂಡು ಹೋಗಿದ್ದೆವು. ಪೂಜೆ ಆದ ಮೇಲೆ ಎಲ್ಲ ಮಕ್ಕಳಿಗೂ ಸಾಲಾಗಿ ನಿಂತು ಕೈ ಮುಗಿಯಿರಿ ಅಂತ ಹೇಳಿದರು. ಒಬ್ಬ ಕ್ರಿಶ್ಚಿಯನ್ ಹುಡುಗಿ ಮುಗಿಯಲಿಲ್ಲ. ಅವಳನ್ನು ಎಲ್ಲರ ಮುಂದೆ ಯಾಕೆ ಅಂತ ಕೇಳಿದರು. ಅವಳು ಅಳುತ್ತಾ ಬಂಡಿ ಹಿಂದೆ ಹೋಗಿ ಕೂತಳು, ಊಟ ಮಾಡಲಿಲ್ಲ. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಸಂವಿಧಾನದ 28ನೇ ವಿಧಿ ಓದಿದ್ದು ಆಮೇಲೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಸರ್ಕಾರ ಮಾನ್ಯ ಮಾಡಿದ ಅಥವಾ ಅನುದಾನ ಪಡೆಯುವ ಶಾಲೆಗಳಲ್ಲೂ ಒಪ್ಪಿಗೆ ಇಲ್ಲದೆ ಯಾರನ್ನೂ ಪೂಜೆಗೆ ಕೂಡಿಸುವ ಹಾಗಿಲ್ಲ, ಮಕ್ಕಳಾದರೆ ಪಾಲಕರ ಒಪ್ಪಿಗೆ ಬೇಕು. ಈಗ ನಾನು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದು ಬೇರೆ ದಿನ. ರೈತರೊಬ್ಬರ ಹತ್ತಿರ ಬೀಜ, ಕೂರಿಗೆ, ಎತ್ತು ಎಲ್ಲ ಕೇಳಿ ತಿಳಿದುಕೊಳ್ಳುತ್ತಾರೆ. ಹಿಂದೆ ಕಣದಲ್ಲಿ ರಾಶಿಯಾದಾಗ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿಂದ ಎಲ್ಲರಿಗೂ ಆಯ ಅಳೆದು ಕೊಡುತ್ತಿದ್ದರು ಅಂತ ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಒಬ್ಬ ಹುಡುಗ "ಹಾಗಾದರೆ ಕೂರಿಗೆ ಮಾಡಿದವನಿಗೂ ಬೆಳೆಯಲ್ಲಿ ಪಾಲಿತ್ತಾ ಅಕ್ಕೋರೆ" ಅಂದ. ಇತ್ತು ಕಣೋ ಅಂದೆ.

ಮನೆಯ ಹಬ್ಬದಲ್ಲಿ ದೇವರಿರಲಿ, ತುಂಬ ಇರಲಿ. ಶಾಲೆ ಎಲ್ಲರದು, ಅಲ್ಲಿ ಯಾವ ಮಗುವೂ ಬಂಡಿ ಹಿಂದೆ ಹೋಗಿ ಕೂಡಬಾರದು. ನನಗೆ ಇದರಲ್ಲಿ ಗೊಂದಲ ಉಳಿದಿಲ್ಲ.

ಎರಿ ಹೊಲದ ಅಕ್ಕ, ವಿಜಯಪುರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮುಳುಗಡೆ ಊರಿನ ಅಣ್ಣಾರ, ನಿಮ್ಮ ಅವ್ವನ ಬಗ್ಗೆ ಓದಿ ಮಾವನವರಿಗೂ ಓದಿ ಹೇಳಿದೆ. ನಮ್ಮ ಹೊಲಕ್ಕೆ ಕಾಲುವೆ ನೀರು ಬರುತ್ತದೆ. ಅವರು ತುಂಬ ಹೊತ್ತು ಸುಮ್ಮನೆ ಕೂತಿದ್ದರು.

ನಿನ್ನೆ ಗೆಳತಿಯ ಮನೆಗೆ ಹೋಗಿ ನಿಜ ಹೇಳಿದೆ. ಪೂಜೆ ಮಾಡುತ್ತೇವೆ, ಅವತ್ತು ನಾನು ಹೇಳಿದ್ದು ತಪ್ಪು ಅಂದೆ. ಅವಳು "ನನಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೀಯಾ?" ಅಂದಳು. ಹುಡುಗ ಅಲ್ಲೇ ಇದ್ದ. ಏನೂ ಹೇಳಲಿಲ್ಲ.

ಎರಿ ಹೊಲದ ಅಕ್ಕ, ವಿಜಯಪುರ

ಎಳ್ಳಮಾಸಿ ಆಯಿತು. ಏನಾಯಿತು ಅಂತ ಕೇಳಿದವರಿಗೆಲ್ಲ ಒಟ್ಟಿಗೆ ಹೇಳುತ್ತಿದ್ದೇನೆ.

ಗೆಳತಿಯ ಮಕ್ಕಳು ಮೂವರೂ ಬಂದರು. ದೊಡ್ಡ ಹುಡುಗ ಪೂಜೆಯ ಹೊತ್ತಿಗೆ ತಾನಾಗಿಯೇ ಕಡಲೆ ಹೊಲದ ಕಡೆ ನಡೆದು ಹೋದ. ಯಾರೂ ಕೂಗಲಿಲ್ಲ, ಕೇಳಲಿಲ್ಲ. ಸಣ್ಣವರಿಬ್ಬರು ಗಾಳಿಪಟ ಹಿಡಿದಿದ್ದರು. ತಾಳಿಕೋಟಿ ಅಣ್ಣಾರು ಹೇಳಿದ ಹಾಗೆ ಡಬ್ಬಿ ಬೇರೆ ಇಟ್ಟಿದ್ದೆ. ಮಾವನವರು ಚರಗ ಹಿಡಿದು ಹೊರಟಾಗ "ಹುಲಿಗ್ಯೋ ಹುಲಿಗ್ಯೋ" ಅಂತ ಎಲ್ಲರೂ ಹಿಂದೆ ಹೋದೆವು. ಮುಂದಿನ ಮಾತು ಊರಿಂದ ಊರಿಗೆ ಬೇರೆ ಇದೆ, ನಮ್ಮಲ್ಲಿ ಅವರವರ ಬಾಯಿಗೆ ಬಂದಂತೆ ಕೂಗುತ್ತಾರೆ. ಉತ್ತರದ ಬದುವಿನ ಹತ್ತಿರ ಮಾವನವರು ನಿಂತು, ಆಲಮಟ್ಟಿಯ ದಿಕ್ಕು ಯಾವುದು ಅಂತ ನನ್ನ ಗಂಡನನ್ನು ಕೇಳಿದರು. ಅವರು ಕೈ ತೋರಿಸಿದರು. ಆ ಕಡೆಗೆ ಒಂದು ಹಿಡಿ ಹೆಚ್ಚಾಗಿ ಚೆಲ್ಲಿದರು.

ಚರಗ ಮುಗಿಯುವ ಹೊತ್ತಿಗೆ ಹುಡುಗ ಕಡಲೆ ಸುಲಗಾಯಿ ಹಿಡಿದುಕೊಂಡು ಬಂದ. ಮಾವನವರು ಬುಟ್ಟಿಯಲ್ಲಿ ಉಳಿದದ್ದನ್ನು ತೋರಿಸಿ "ಇದು ಹಕ್ಕಿಗೆ. ಬೇಕಾದರೆ ಚೆಲ್ಲು, ಬೇಡವಾದರೆ ಇಡು" ಅಂದರು. ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಡಬ್ಬಿಯಿಂದ ತನ್ನ ಪಾಲಿನ ರೊಟ್ಟಿ ತೆಗೆದು, ಮುರಿದು, ಅದನ್ನು ಚೆಲ್ಲಿದ.

ತಂಗಿಯ ಮಗ ಆ ಹಾಳೆಯಲ್ಲಿ ಏನು ಬರೆದಿದ್ದ ಅಂತ ಒಬ್ಬರು ಕೇಳಿದ್ದಿರಿ. ಬಾಗಲಕೋಟೆಯ ಅಜ್ಜಿಯ ಹೆಸರು ಬರೆದಿದ್ದ, ಅವಳು ಕಳಿಸುವ ಗುರೆಳ್ಳು ಚಟ್ನಿಗಾಗಿ. ತಂಗಿ ಫೋಟೊ ತೆಗೆದು ಅತ್ತೆಗೆ ಕಳಿಸಿದಳು. ಅವರು ಇನ್ನೂ ಅದು ಕ್ರಿಶ್ಚಿಯನ್ನರ ಹಬ್ಬ ಅಂತಲೇ ಹೇಳುತ್ತಾರೆ. ಫೋಟೊವನ್ನು ಪ್ರಿಂಟ್ ಹಾಕಿಸಿ ದೇವರ ಜಗಲಿಯ ಪಕ್ಕದ ಗೋಡೆಗೆ ಅಂಟಿಸಿದ್ದಾರಂತೆ.